ಕಪ್ಪಿನ ಲೆಕ್ಕ

ಮೊದಲು ಕೇಳಿದ್ದೇ ಇದು: ಕಪ್ಪಾದಾಗ ಸದ್ದಿತ್ತೋ, ಇರಲಿಲ್ಲವೋ?
ಗುರುಶಾಂತ ಪಿಳಿಪಿಳಿ ಕಣ್ಣು ಬಿಟ್ಟ.
ಪರದೆ ಹೋದ ಹೊತ್ತಿನಲ್ಲಿ ಕಿವಿ ಯಾರಿಗೆ ನೆನಪಾಗುತ್ತದೆ.

ಕಪ್ಪಿನಲ್ಲೂ ಬಗೆಗಳಿವೆ, ತಮ್ಮಾ.
ಪರದೆ ಸತ್ತರೂ ಒಳಗೆ ಗುಂಡಿನ ಸದ್ದು ಢಂ ಢಂ ನಡೆದೇ ಇದ್ದರೆ
ಅದು ಕೇಬಲ್ಲಿನ ಕಪ್ಪು,
ಕಿತ್ತು, ಉಫ್ ಎಂದು ಊದಿ, ಒತ್ತಿ ಕೂರಿಸಿದರೆ ಆಯಿತು.
ಸದ್ದೂ ಹೋಗಿ ಫ್ಯಾನೊಂದೇ
ದೆವ್ವ ಮೆಟ್ಟಿದ ಹಾಗೆ ಊಳಿಟ್ಟರೆ
ಕಾರ್ಡಿನ ಕಪ್ಪು.
ಫ್ಯಾನೂ ನಿಂತಿತೋ, ಹೊರಗೆ ಬಂದು ಬೀದಿ ನೋಡು:
ಅದು ಮೆಸ್ಕಾಂ ಕಪ್ಪು.

ಇವನದು ಎರಡನೆಯದು.

ಕಾರ್ಡು ಭದ್ರಾವತಿಯಿಂದ ಬಂದದ್ದು, ಮೂರನೇ ಕೈ.
ಯಾವನೋ ಪುಣ್ಯಾತ್ಮ ಎರಡು ವರ್ಷ ಹಗಲೂ ರಾತ್ರಿ
ಕಣ್ಣಿಗೆ ಕಾಣದ ನಾಣ್ಯ ಅಗೆಸಿದ್ದ ಅದರಿಂದ.
ಗಾಣದ ಎತ್ತನ್ನು ತಂದು
ಹೋರಿ ಹಬ್ಬಕ್ಕೆ ಬಿಟ್ಟಿದ್ದೀಯಲ್ಲೋ, ಎಂದೆ.
ಭಾನುವಾರ ಪಂದ್ಯ ಅಕ್ಕಾ, ಎಂದ,
ಹತ್ತು ಫ್ರೇಮು ಜಾಸ್ತಿ ಸಿಕ್ಕರೆ ಸಾಕು.

ಕೋರಿಗೆ ನೂರೈವತ್ತು, ಮೆಮೊರಿಗೆ ಒಂಬೈನೂರು,
ಎರಡನ್ನೂ ಒಂದೇ ರಾತ್ರಿ ಏರಿಸಿದ್ದ.
ಸಾರಿಗೆ ಉಪ್ಪು ಹುಳಿ ಒಟ್ಟಿಗೇ ಸುರಿದವನಿಗೆ
ಕೆಡಿಸಿದ್ದು ಯಾವುದೆಂದು ನಾಲಿಗೆ ಹೇಳುವುದಿಲ್ಲ.

ಬಾಡಿಗೆ ಬರೆಯುವ ಪುಸ್ತಕದ ಹಿಂಬದಿ ತಿರುವಿದೆ.

ಬುಧವಾರ. ಎಲ್ಲ ಸೊನ್ನೆ. ಎರಡು ಗಂಟೆ. ಕಪ್ಪಿಲ್ಲ.
ಕೋರ್ ನೂರು. ಕಪ್ಪಿಲ್ಲ.
ನೂರೈವತ್ತು. ಹನ್ನೊಂದನೇ ನಿಮಿಷ, ಕಪ್ಪು.
ಬಗ್ಗಿ ನೋಡಿದರೆ ಒಂದೇ ವೈರಿನ ಎರಡು ಬಾಯಿ
ಕಾರ್ಡಿಗೆ ಚುಚ್ಚಿದ್ದಾನೆ ಮಹಾರಾಯ.
ಬೇರೆ ಬೇರೆ ಎರಡು ಎಳೆದೆ.
ಗುರುವಾರ. ನೂರೈವತ್ತು. ಬೆಳಿಗ್ಗೆ ಪೂರ್ತಿ ನಿಂತಿತು.
ಸಂಜೆ ಆರಕ್ಕೆ ಕಪ್ಪು.
ಶುಕ್ರವಾರ ಬೆಳಿಗ್ಗೆ ಇಲ್ಲ. ಸಂಜೆ ಆರೂಕಾಲು, ಕಪ್ಪು.

ಸಂಜೆಗೂ ಇದಕ್ಕೂ ಏನು ನಂಟು?
ದೀಪ ಹಚ್ಚುವ ಹೊತ್ತು ಅಕ್ಕಾ, ಎಂದು ಅವನು ತಮಾಷೆಗೆ ಅಂದ,
ನಾನು ಅರ್ಧ ನಂಬಿದೆ.
ಮೀಟರು ಹಿಡಿದರೆ ಇನ್ನೂರ ಇಪ್ಪತ್ತೆರಡು, ಅಲುಗಾಟವಿಲ್ಲ.
ಮೆಸ್ಕಾಂ ನಿರಪರಾಧಿ. ಬರೆದಿಟ್ಟೆ, ಅಪರೂಪದ ವಾಕ್ಯ.

ವಿನೋಬನಗರದ ಈ ಅಟ್ಟಕ್ಕೆ ತಗಡಿನ ಸೂರು.
ಹಗಲೆಲ್ಲ ಕುಡಿದ ಬಿಸಿಲನ್ನು
ಸಂಜೆ ನೆತ್ತಿಯ ಮೇಲೆ ಕಾರುತ್ತದೆ.
ನನಗೆ ಬೆವರು ಬಂದಾಗಲೇ ಅದಕ್ಕೆ ಕತ್ತಲು ಬರುತ್ತಿತ್ತು,
ಗೊತ್ತಾಗಲು ಮೂರು ದಿನ ಬೇಕಾಯಿತು, ಅದೂ ಬೆವರು ಒರೆಸಿಕೊಳ್ಳುವಾಗ.

ಆರು ಸ್ಕ್ರೂ ಬಿಚ್ಚಿ ಕವಚ ಎತ್ತಿದೆವು.
ಅಲ್ಯೂಮಿನಿಯಮ್ ಹಲ್ಲುಗಳ ಸಂದಿಯಲ್ಲಿ
ಬಿಳಿ, ಅದರ ಮೇಲೆ ಕೆಂಪು, ಮತ್ತೆ ಬಿಳಿ.
ನಾನು ಬೆಪ್ಪಳ ಹಾಗೆ ಉಫ್ ಎಂದು ಊದಿದೆ.

ಕೆಳಗೆ ಪಾಂಡೋಜಿರಾಯರ ಹಿಟ್ಟಿನ ಗಿರಣಿ.
ಅಕ್ಕಿ, ಆಮೇಲೆ ಯಾರದೋ ಮದುವೆಯ ಮೆಣಸಿನಪುಡಿ, ಮತ್ತೆ ಅಕ್ಕಿ,
ವಿನೋಬನಗರ ನಾಲ್ಕು ತಿಂಗಳು ಉಂಡಿದ್ದೆಲ್ಲ
ಪದರ ಪದರವಾಗಿ ಅಲ್ಲಿತ್ತು.
ಸೀನಿದೆವು. ಕಣ್ಣೀರು ಸುರಿಸಿಕೊಂಡು ನಕ್ಕೆವು, ಮತ್ತೆ ಸೀನಿದೆವು.
ರಾಯರು ಕೆಳಗಿನಿಂದ ಕೂಗಿದರು: ಯಾರಮ್ಮ ಅದು, ಶುಭ ಮಾತಾಡುವಾಗ?

ಬಣ್ಣದ ಕುಂಚದಿಂದ ಗುಡಿಸಿ, ಹೊಸ ಪೇಸ್ಟು ಬಟಾಣಿಯಷ್ಟು ಇಟ್ಟು
ಶನಿವಾರ ಸಂಜೆ ಆರು ಗಂಟೆಗೆ ಕಾದು ಕೂತೆವು.
ಏಳು. ಎಂಟು. ಕಪ್ಪಿಲ್ಲ.
ಇನ್ನು ಮೆಮೊರಿ, ಎಂದ. ಒಂಬೈನೂರು.
ಮೂರೇ ನಿಮಿಷ. ಫ್ಯಾನು ಊಳಿಟ್ಟಿತು.
ಎಲ್ಲ ತಪ್ಪೂ ಮೆಣಸಿನದಲ್ಲ ಹಾಗಾದರೆ.
ಎಂಟುನೂರು, ಕಪ್ಪು. ಆರುನೂರು ನಿಂತಿತು.
ಐನೂರಕ್ಕೆ ಇಳಿಸಿ ಕೈ ತೆಗೆ, ಎಂದೆ,
ನಿಂತ ಜಾಗಕ್ಕಿಂತ ಒಂದು ಮೆಟ್ಟಿಲು ಕೆಳಗೆ ಕೂರುವುದು ಕಲಿ.
ಮುಖ ಊದಿಸಿಕೊಂಡೇ ಇಳಿಸಿದ.

ಲಾಭ: ಏಳು ಫ್ರೇಮು.
ಖರ್ಚು: ನಾಲ್ಕು ದಿನ, ಪೇಸ್ಟಿಗೆ ನೂರ ಎಂಬತ್ತು, ನನ್ನ ಕುಂಚ.

ಭಾನುವಾರ ಸೋತ. ಮೊದಲ ಸುತ್ತಿನಲ್ಲೇ,
ಪರದೆ ಫಳಫಳ ಹೊಳೆಯುತ್ತಿರುವಾಗ.
ಕಾರಣದ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದೆ.
ಖಾಲಿ ಬಿಡಿ ಅಕ್ಕಾ, ಎಂದವನು
ಬಾಗಿಲ ತನಕ ಹೋಗಿ, ತಿರುಗಿ:
ಐನೂರ ಇಪ್ಪತ್ತು ಒಮ್ಮೆ ನೋಡೋಣವಾ?