ಮೇ ತಿಂಗಳಲ್ಲಿ ಆಗುವುದಿಲ್ಲ

ಜನವರಿಯಾದರೆ ತಲೆಗೆ ಒಂದು ಲಕ್ಷದ ಹತ್ತು ಸಾವಿರ,
ಮೇ ತಿಂಗಳಾದರೆ ಎಪ್ಪತ್ತೆಂಟಕ್ಕೆ ಮಾಡಿಕೊಡ್ತೀನಿ ಅಕ್ಕಾ,
ಆಗ ಈಜಿಪ್ಟಿನಲ್ಲಿ ಬೆಂಕಿ, ಯಾರೂ ಹೋಗಲ್ಲ ಅಂತ
ಹಾಸನದ ಎನ್.ಆರ್. ಸರ್ಕಲ್ಲಿನ ಮಹಡಿ ಮೇಲೆ
ಫಯಾಜ್ ಕ್ಯಾಲ್ಕುಲೇಟರ್ ನನ್ನತ್ತ ತಿರುಗಿಸಿದ.

ನಗು ಬಂತು.
ಬೆಂಕಿಯೇ ತಾನೆ ನನ್ನ ವ್ಯಾಪಾರ?
ಬೆಳಗೊಳದ ದೊಡ್ಡಬೆಟ್ಟದ ಬುಡದಲ್ಲಿ
ಇಪ್ಪತ್ತಾರು ವರ್ಷದಿಂದ ಕಾಲುಚೀಲ ಮಾರುತ್ತೇನೆ.
ಹತ್ತು ಗಂಟೆ ದಾಟಿತೆಂದರೆ ಬಂಡೆ ಕಾದ ಹೆಂಚು;
ಮೂವತ್ತು ಮೆಟ್ಟಿಲು ಬರಿಗಾಲಲ್ಲಿ ಹತ್ತಿದ ಶೂರರು
ಕುಣಿಯುತ್ತ ಇಳಿದು ಬಂದು
ಸಾಕ್ಸ್ ಎಷ್ಟಮ್ಮ ಅನ್ನುತ್ತಾರೆ, ಚೌಕಾಸಿ ಮರೆತು.
ಮೇ ತಿಂಗಳು ಅಂಗಡಿ ಮುಚ್ಚಿದರೆ
ಮಿಕ್ಕ ಹನ್ನೊಂದು ತಿಂಗಳು ಉಣ್ಣುವುದೇನು?
ಅಲ್ಲಿ ಬಿಸಿಲು ಅಗ್ಗವಾಗುವ ಹೊತ್ತಿಗೆ
ಇಲ್ಲಿ ನನಗದು ಬಂಗಾರ.

ಇವರಿಗೆ ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ.
ಮೊಬೈಲಿನಲ್ಲಿ ಆ ಮೊನಚು ಗುಡ್ಡವನ್ನು
ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು.
"ಹತ್ತೋಕೆ ಒಂದು ಮೆಟ್ಟಿಲಿಲ್ಲವಲ್ಲೇ.
ಇಷ್ಟೆತ್ತರಕ್ಕೆ ಕಲ್ಲು ಸಾಗಿಸಿದವರು
ಯಾವ ಭುಜ ಕೊಟ್ಟರೋ, ಎಡವೋ, ಬಲವೋ?"
ಮೂವತ್ತೊಂದು ವರ್ಷ ಡೋಲಿ ಹೊತ್ತ ಭುಜ ಕೇಳುವ ಪ್ರಶ್ನೆ.
ಎಡಗಡೆ ಒಂದು ಗಂಟಿದೆ, ನಿಂಬೆಕಾಯಿಯಷ್ಟು.
ರಾತ್ರಿ ಎಣ್ಣೆ ತಿಕ್ಕುವವಳು ನಾನು.

ಈ ಹುಚ್ಚು ಹತ್ತಿಸಿದ್ದು ತಿಪಟೂರಿನ ಒಬ್ಬ ಟೀಚರಮ್ಮ.
ಡೋಲಿಯಲ್ಲಿ ಕೂತು ಆರುನೂರು ಚಿಲ್ಲರೆ ಮೆಟ್ಟಿಲೂ
ಬಾಯಿ ಮುಚ್ಚದೆ ಹೇಳಿದರಂತೆ,
ಸತ್ತ ರಾಜನಿಗೆ ಗೋರಿಯೊಳಗೆ ರೊಟ್ಟಿ, ದೋಣಿ, ಚಪ್ಪಲಿ ಸಹ ಇಟ್ಟ ಕತೆ.
ಮಿಕ್ಕ ಮೂವರಿಗೆ ತಲೆನೋವು ಬಂತು.
ಇವರಿಗೆ ಅಂದಿನಿಂದ ಒಂದೇ ಯೋಚನೆ:
ಅಷ್ಟು ವರ್ಷ ಆದಮೇಲೂ ಆ ಚಪ್ಪಲಿ ಯಾರೂ ಕದಿಯಲಿಲ್ಲವಲ್ಲ!

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಪ್ಪ ಬಂದ.
ಹೊಂಬಾಳಮ್ಮ ಕೋಂ ಚಿಕ್ಕಜವರಯ್ಯ, ಯಾತಕ್ಕೆ ಹೋಗ್ತೀರಿ?
ಕಲ್ಲು ನೋಡೋಕೆ.
ಇಲ್ಲಿಲ್ಲವಾ ಕಲ್ಲು?
ಬೆಟ್ಟದ ಕಡೆ ತಿರುಗಿ ತಾನೇ ನಕ್ಕ,
ಟೀ ಕುಡಿದ, ಸಹಿ ಹಾಕಿದ,
ಹೋಗುವಾಗ ಮಗಳಿಗೆ ಅಂತ ಒಂದು ಜೊತೆ ಸಾಕ್ಸ್ ಒಯ್ದ,
ದುಡ್ಡು ಕೊಟ್ಟೇ ಒಯ್ದ, ಸುಳ್ಳು ಹೇಳಬಾರದು.

ಗೋರಿ ಅಂದಮೇಲೆ ಚಪ್ಪಲಿ ಬಿಡಬೇಕಲ್ಲವಾ ಫಯಾಜೂ?
ಬಿಡಬೇಕಿಲ್ಲ ಅಕ್ಕಾ, ಅಲ್ಲಿ ಎಲ್ಲಾರೂ ಶೂ ಹಾಕ್ಕೊಂಡೇ.
ಅಷ್ಟು ದೊಡ್ಡ ಕಲ್ಲಿನ ಮೇಲೆ ಮೆಟ್ಟು ಹಾಕಿ ಓಡಾಡುವುದೆ?
ನನ್ನಂಥವಳು ಅಲ್ಲಿ ಹೇಗೆ ಬದುಕಿಯಾಳು?

ಪಟ್ಟಿಯಲ್ಲಿ ಒಂಟೆ ಸವಾರಿ ಸೇರಿದೆ, ಅರ್ಧ ಗಂಟೆ.
"ನೀನು ಹತ್ತು. ನಾನು ಪಕ್ಕದಲ್ಲಿ ನಡೀತೀನಿ."
ಇಬ್ಬರಿಗೂ ದುಡ್ಡು ಕಟ್ಟಿದ್ದೀವಿ, ಅಂದೆ.
ಸುಮ್ಮನಾದರು. ಬೀಡಿ ಹಚ್ಚಿದರು, ಆರಿಸಿದರು.
"ಮೇಲೆ ಕೂತವರು ಒಂದು ಸಲ ಮಿಸುಕಿದರೂ
ಹೊತ್ತವರ ಮಂಡಿಗೆ ಗೊತ್ತಾಗ್ತದೆ ಕಣೇ."

ಕೊನೆಗೆ ನವೆಂಬರ್ ಅಂತಾಯಿತು. ತೊಂಬತ್ತೊಂದು ಸಾವಿರ.
ಚೀಟಿ ಎತ್ತಿದ್ದು ಸಾಲದೆ ನನ್ನ ಓಲೆ ಹೋಗಿದೆ;
ತಿರುಗಿ ಬರುವುದು ಮುಂದಿನ ಮೇ ಬಿಸಿಲಿಗೆ ಬಿಟ್ಟಿದ್ದು.

ನಿನ್ನೆ ಪೆಟ್ಟಿಗೆ ತುಂಬಿದೆ.
ತೂಕ ನೋಡೋಕೆ ಅಂಗಡಿಗೆ ಒಯ್ಯೋಣ ಅಂದರೆ
ಇವರು ಎತ್ತಿ ಎಡಭುಜಕ್ಕಿಟ್ಟು
ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು, ನಿಂತು,
"ಹತ್ತೊಂಬತ್ತೂವರೆ ಕಿಲೋ" ಅಂದರು.
ಅಂಗಡಿಯ ತಕ್ಕಡಿಯೂ ಹಾಗೇ ಅಂದಿತು.

ಇಪ್ಪತ್ತಕ್ಕೆ ಇನ್ನೂ ಅರ್ಧ ಕಿಲೋ ಜಾಗ.
ಇವರು ಅತ್ತ ಹೋದಾಗ
ಹತ್ತು ಜೊತೆ ಕಾಲುಚೀಲ ತುರುಕಿದೆ, ಬೂದಿ ಬಣ್ಣದ್ದು,
ಮಣ್ಣಾದರೆ ಕಾಣುವುದಿಲ್ಲ.
ಯಾರು ಕಂಡರು, ಒಂಟೆ ಹಿಡಿಯುವ ಹುಡುಗನ
ಕಾಲಲ್ಲಿ ಏನಿರುತ್ತದೋ.