ಸಾಲು ಮುನ್ನೂರ ಹನ್ನೊಂದು

ಯಶವಂತಪುರ. ಕೆಳಗೆ ಈರುಳ್ಳಿ ಮಂಡಿ,
ಮೇಲೆ ಎರಡನೇ ಮಹಡಿಯಲ್ಲಿ ನಾವು ಮೂವರು,
ಕನ್ನಡವನ್ನು ಡಬ್ಬಿಗೆ ತುಂಬುವವರು.
ಪ್ರತಿ ಪದಕ್ಕೂ ಒಂದು ಡಬ್ಬಿ, ಡಬ್ಬಿಯೊಳಗೆ ಖಾನೆ:
ಲಿಂಗ, ವಚನ, ಪುರುಷ.
ಖಾನೆಯೊಳಗೆ ಇನ್ನೊಂದು ಡಬ್ಬಿ, ಅದರೊಳಗೂ ಒಂದು.
ಸಿಪ್ಪೆ ಬಿಡಿಸಿದರೆ ಕೆಳಗೆ ಸಿಪ್ಪೆ;
ಕಣ್ಣುರಿ ಮಾತ್ರ ಒಂದೇ, ಹಮಾಲಿಯದೂ ನನ್ನದೂ.

ಕರ್ತೃವಿನ ವಚನ, ಕ್ರಿಯೆಯ ವಚನ
ಬೇರೆ ಬೇರೆಯಲ್ಲ, ಎರಡಕ್ಕೂ ಒಂದೇ ನಂಬರು.
ವಠಾರದಲ್ಲಿ ಎರಡು ಮನೆಗೆ ಒಂದೇ ನಲ್ಲಿ ಇದ್ದ ಹಾಗೆ:
ಇತ್ತ ಕೆಸರು ಬಂದರೆ ಅತ್ತಲೂ ಕೆಸರು.
ಖಾಲಿ ಬಿಟ್ಟ ಖಾನೆ ಯಾರ ಜತೆಗಾದರೂ ಕೂಡಿಕೊಳ್ಳುತ್ತದೆ.
ತುಂಬಿದ್ದೇ ಜಗಳಕ್ಕೆ ಬರುವುದು.

ರಾತ್ರಿ ನಾನೂರು ವಾಕ್ಯ ಓಡಲು ಬಿಟ್ಟು ಮನೆಗೆ ಹೋಗಿದ್ದೆ.
ಬೆಳಿಗ್ಗೆ ಮೆಷಿನ್ನು ಒಂದರ ಮೇಲೆ ಮುಗ್ಗರಿಸಿ ನಿಂತಿತ್ತು.
ಮಂಡಿ ಗುಡಿಸುವ ಮುನಿಯಲ್ಲಮ್ಮ ಹೇಳಿದ್ದು,
ಬರೆದುಕೊಂಡವಳು ನಾನೇ:

"ನಮ್ಮೋರು ರಾತ್ರಿ ಕುಡ್ದು ಬಂದ."

ಬಹು. ಏಕ.
ಕೆಂಪಕ್ಷರದಲ್ಲಿ: ಹೊಂದಿಕೆ ಇಲ್ಲ.

ತಿರುಮಲಾಚಾರ್ ಸರ್ ಕನ್ನಡಕ ಒರೆಸುತ್ತ ಅಂದರು,
"ಬಂದರು ಮಾಡಿ, ಇಲ್ಲ ನಮ್ಮವನು ಮಾಡಿ.
ಎರಡೂ ಆಗದಿದ್ದರೆ ತಲೆಗೊಂದು ನಕ್ಷತ್ರ ಹಚ್ಚಿ ಆಚೆ ತಳ್ಳಿ."
ನಮ್ಮ ಕಸುಬಿನಲ್ಲಿ ನಕ್ಷತ್ರವೆಂದರೆ ಕಳಂಕ.

ಇಳಿದು ಹೋದೆ. ಪೊರಕೆ ನಿಲ್ಲಿಸದೆ ಕೇಳಿಸಿಕೊಂಡಳು.
"ತಪ್ಪೇನ್ ಬಂತು?
ಬಾಯಿ ತೆಗ್ದಾಗ ಮರ್ಯಾದೆ ಇತ್ತು ಕಣಮ್ಮ.
ಕುಡ್ದು ಅನ್ನೋ ಹೊತ್ಗೆ
ಒಲೆ ಒದ್ದಿದ್ದು ನೆಪ್ಪಾಯ್ತು."
ಗುಡಿಸಿದ ಸಿಪ್ಪೆ ಗಾಳಿಗೆ ಮತ್ತೆ ಹರಡಿತು.
ದಾರಿಗೆ ಅಡ್ಡ ನಿಂತೆನೆಂದು ನನ್ನನ್ನೇ ಬೈದಳು.

ಮೇಲೆ ಬಂದು ಕೂತೆ.
ವಾಕ್ಯವೊಂದರ ಮೊದಲ ಪದದಿಂದ ಕೊನೆಯ ಪದದವರೆಗೆ
ಎಷ್ಟು ಹೊತ್ತು ಹಿಡಿಯುತ್ತದೆ?
ನಮ್ಮ ಡಬ್ಬಿಯಲ್ಲಿ ಅದಕ್ಕೆ ಖಾನೆಯಿಲ್ಲ.
ಅಲ್ಲಿ ಎಲ್ಲವೂ ಒಂದೇ ಗಳಿಗೆಯಲ್ಲಿ ನಿಜವಾಗಿರಬೇಕು:
ಕರ್ತೃ, ಕ್ರಿಯೆ, ಒಲೆ.

ನಕ್ಷತ್ರ ಹಾಕಿದೆ. ಅಳಿಸಿದೆ.
ಮರ್ಯಾದೆ ಎಂದೊಂದು ಹೊಸ ಖಾನೆ ತೆರೆದು
ಸಾಲು ಸಾಲಿಗೂ, ಸುಳ್ಳು ಹೇಳದೆ, ಗೊತ್ತಿದ್ದಷ್ಟು ತುಂಬಿದೆ.
ಸಂಜೆಯ ಲಾರಿಗಳು ಹಿಮ್ಮುಖವಾಗಿ ಬರುತ್ತಿದ್ದವು, ಬರಲಿ, ಬರಲಿ, ಎಂದು ಯಾರೋ ತಟ್ಟುತ್ತಿದ್ದ.
ಮತ್ತೆ ಓಡಿಸಿದೆ.

ಇನ್ನೂ ಹದಿನೇಳು ಸಾಲು ಬಿದ್ದವು.
ಅದರಲ್ಲಿ ಎರಡು ಮಂಡಿಯವಲ್ಲ;
ಉದಾಹರಣೆಗಿರಲಿ ಎಂದು
ನಮ್ಮ ಮನೆಯವರ ಮೇಲೆ ನಾನೇ ಕಟ್ಟಿದವು.