ಹೆಸರಿಗಷ್ಟೇ ಹಸಿರು

ನಮ್ಮೂರ ಗಾಲ್ಫ್ ಮೈದಾನದಲ್ಲಿ
ಗ್ರೀನ್ ಎಂಬುದು ಹೆಸರಿಗಷ್ಟೇ ಹಸಿರು.
ಸಸ್ಕಾಚೆವಾನಿನ ಗಾಳಿಗೆ ನುಣ್ಣನೆ ಹುಲ್ಲು ನಿಲ್ಲದು,
ನೀರು ಹಾಯಿಸಲು ಕ್ಲಬ್ಬಿಗೆ ದುಡ್ಡಿಲ್ಲ.
ಟ್ರ್ಯಾಕ್ಟರಿನ ಹಳೆ ಎಣ್ಣೆ ಬೆರೆಸಿದ ಕಪ್ಪು ಮರಳು,
ನಡುವೆ ಹೂತ ತಗಡಿನ ಡಬ್ಬಿ.
ಅಂಥವು ಒಂಬತ್ತು.

ಅಲ್ಲಿ ಆಡುತ್ತಿದ್ದ ನಮ್ಮಪ್ಪ,
ಒರೆಸ್ಟ್ ಹವ್ರಿಲ್ಯುಕ್, ಮನೆ ಕಾಯಿಸುವ ಫರ್ನೇಸುಗಳ ವ್ಯಾಪಾರಿ.
ಮೈನಸ್ ನಲವತ್ತರ ನಡುರಾತ್ರಿ ಫೋನು ಬಂದರೆ
ಪೈಜಾಮದ ಮೇಲೇ ಕೋಟು ತೊಟ್ಟು ಹೊರಡುತ್ತಿದ್ದ,
ಬೆಳಿಗ್ಗೆ ನಮ್ಮ ಗಂಜಿಯ ಹೊತ್ತಿಗೆ
ಮೀಸೆಯಲ್ಲಿ ಮಂಜು ಕಟ್ಟಿಕೊಂಡು ಬಂದು
ಚಮಚ ಕಸಿದು ಒಂದು ತುತ್ತು ತಿನ್ನುತ್ತಿದ್ದ.

ಅಜ್ಜನಿಗೆ ಈ ಆಟ ಕೊನೆಯವರೆಗೂ ಹಿಡಿಸಲಿಲ್ಲ.
'ಗೋಧಿ ಬೆಳೆವ ನೆಲದಲ್ಲಿ ಗುಂಡಿ ತೋಡಿ
ಚೆಂಡು ಬಿತ್ತುತ್ತಾನೆ ನನ್ನ ಮಗ.
ಕೊಯ್ಲು ಯಾವಾಗಪ್ಪಾ?'
ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರೆದುರು.
ಅಪ್ಪ ಟೋಪಿ ಸರಿಮಾಡಿಕೊಂಡು
ಕಾರಿನ ಡಿಕ್ಕಿ ತೆರೆಯುತ್ತಿದ್ದ.

ಕಿವಿಯ ಹಿಂದೆ ಸದಾ ಆ ಗಿಡ್ಡ ಪೆನ್ಸಿಲು, ರಬ್ಬರಿಲ್ಲದ್ದು.
ಅಂಗಡಿಯ ಲೆಕ್ಕ ಅದರಲ್ಲೇ,
ಅಡುಗೆಮನೆಯ ಬಾಗಿಲ ಚೌಕಟ್ಟಿಗೆ
ನನ್ನ ಎತ್ತರ, ಮಾರೂಸ್ಯಾಳ ಎತ್ತರ ಅದರಲ್ಲೇ,
ಶಾಲೆಗೆ ಕಳಿಸಿದ ಚೀಟಿಯೂ:
'ಲೆಸ್ಯಾಗೆ ಜ್ವರವೇನೂ ಇರಲಿಲ್ಲ.
ಇಬ್ಬರೂ ಮೀನು ಹಿಡಿಯಲು ಹೋಗಿದ್ದೆವು.'
ಸುಳ್ಳು ಬರೆದರೆ ಅಳಿಸೋದು ಹೇಗೆ, ಅನ್ನುತ್ತಿದ್ದ.

ನನಗಾಗ ಹತ್ತು. ನಾಲ್ಕನೆಯ ಕುಳಿ, ಹನ್ನೊಂದು ಹೊಡೆತ.
ಎಂಟು ಅಂತ ಬರಿ ಅಪ್ಪಾ, ಯಾರೂ ನೋಡಿಲ್ಲ, ಎಂದೆ.
'ಗೋಫರ್ ನೋಡಿದೆಯಲ್ಲ.'
ಬಿಲದ ಬಾಯಲ್ಲಿ ಎರಡು ಕಾಲ ಮೇಲೆ
ಸಾಕ್ಷಿಯ ಹಾಗೆ ನಿಂತ ಆ ಪುಟ್ಟ ಪ್ರಾಣಿಗೆ
ಟೋಪಿ ಎತ್ತಿ, ಹನ್ನೊಂದು ಬರೆದ, ಒತ್ತಿ.
ದಾರಿಯುದ್ದ ಅತ್ತೆ.
ಆಮೇಲೆ ಕೊಡಿಸಿದ ಎರಡುಂಡೆ ಐಸ್‌ಕ್ರೀಮು
ಯಾವ ಲೆಕ್ಕದಲ್ಲೂ ಇಲ್ಲ.

ಗಣಿ ಮುಚ್ಚಿದ ವರ್ಷ
ಅರ್ಧ ಊರು ಬಾಕಿ ಉಳಿಸಿಕೊಂಡಿತು.
ಒಂದು ಸಂಜೆ ಖಾತೆಪುಸ್ತಕ ಬಿಡಿಸಿ
ಹೆಸರಿಗೊಂದು ಗೆರೆ ಎಳೆಯುತ್ತ ಕೂತ.
ಅಮ್ಮ ಒಂದು ವಾರ ಮಾತು ಬಿಟ್ಟಳು.
ಒಳ್ಳೆಯ ಕೋಲುಗಳ ಸೆಟ್ಟು ಮಾರಿ
ನಮ್ಮ ಪಿಯಾನೋದ ಕಂತು ಕಟ್ಟಿದ.
ಆಮೇಲೆ ಅವನ ಬಳಿ ಐದೇ ಕೋಲು,
ಅದರಲ್ಲೊಂದು ಎಡಗೈಯವರದು.
ಪಿಯಾನೋ ನಾವು ಕಲಿಯಲೇ ಇಲ್ಲ.

ಮರಳಿಗೊಂದು ಧರ್ಮವಿದೆ:
ಚೆಂಡು ಡಬ್ಬಿಗೆ ಬಿದ್ದ ಮೇಲೆ ಕುಂಟೆ ಹಿಡಿದು
ನಡುವಿನಿಂದ ಸುರುಳಿ ಸುರುಳಿ ಹಿಂದಕ್ಕೆ ನಡೆಯುತ್ತ
ನಿನ್ನ ಹೆಜ್ಜೆ ನೀನೇ ಅಳಿಸಬೇಕು.
ಹಿಂದೆ ಬರುವವರು ಯಾರೋ, ಏನೋ.
ಸೋತ ದಿನ ಅಪ್ಪ
ಇನ್ನೊಂದು ಸುತ್ತು ಹೆಚ್ಚೇ ಎಳೆಯುತ್ತಿದ್ದ.

ಜನವರಿಯಲ್ಲಿ ಹೋದ.
ಕಲ್ಲಾದ ನೆಲವನ್ನು ಇದ್ದಿಲ ಬೆಂಕಿಯಲ್ಲಿ
ಎರಡು ದಿನ ಕಾಯಿಸಿ ಗುಂಡಿ ತೋಡಿದರು.
ಅವನಿದ್ದಿದ್ದರೆ, ಒಂದೇ ದಿನ ಸಾಕಿತ್ತು,
ಹೊಗೆ ದಾರಿ ಸರಿಯಿಲ್ಲ, ಅನ್ನುತ್ತಿದ್ದ.
ಪಾದ್ರಿ ಮೂರು ಸಲ 'ನಿತ್ಯ ನೆನಪು' ಹಾಡಿದರು.
ಜೇನು ಕಲಸಿದ ಬೇಯಿಸಿದ ಗೋಧಿ
ಬಟ್ಟಲಲ್ಲಿ ಕೈಯಿಂದ ಕೈಗೆ ಬಂತು.
ಅಜ್ಜಾ, ತಗೋ,
ನಿನ್ನ ಕೊಯ್ಲು.

ಮೇ ತಿಂಗಳು ಮಾರೂಸ್ಯಾ, ನಾನು
ಆ ಐದು ಕೋಲು ಹೊತ್ತು ಹೋದೆವು.
ಕುಂಟೆಯ ಹಿಡಿಯಲ್ಲಿ ಯಾರ್ಯಾರದೋ ಬೆರಳು ಸವೆಸಿದ ತಗ್ಗು.
ಅವನದು ಯಾವುದೆಂದು ಹುಡುಕಿದೆ,
ಗೊತ್ತಾಗಲಿಲ್ಲ.
ನಾಲ್ಕನೆಯ ಕುಳಿ ಮುಗಿಸಿ ಸುರುಳಿ ಎಳೆಯುವಾಗ
ಅವಳು ಕಾರ್ಡು ಹಿಡಿದು ಕೇಳಿದಳು: ಎಷ್ಟೇ?
ಸುತ್ತ ನೋಡಿದೆ.
ಬಿಲದ ಬಾಯಲ್ಲಿ ಒಂದು ನಿಂತಿತ್ತು, ನೆಟ್ಟಗೆ.

ಹನ್ನೆರಡು, ಎಂದೆ.